ಹೂಂಕಾರ ಮೀಮಾಂಸೆ

ಯಾವುದೇ ಶಾಸ್ತ್ರವನ್ನು ಆರಂಭಿಸುವ ಮುನ್ನ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ನಿರೂಪಿಸತಕ್ಕದ್ದೆಂಬುದು ಪ್ರಾಚೀನರ ಕಟ್ಟಳೆಯಾಗಿರುವುದರಿಂದ, ಲಂಡನ್ನಿನಲ್ಲಿ ಸೈಕೋಡೈನಮಿಕ್ ಆಪ್ತಸಮಾಲೋಚಕರನ್ನು ತಯಾರಿಸುವ ವಿದ್ಯೆಯನ್ನು ಕುರಿತ ಈ ಪ್ರಬಂಧದಲ್ಲಿಯೂ ಆ ಕ್ರಮವನ್ನೇ ಅನುಸರಿಸಿದ್ದೇವೆ. ಇಲ್ಲಿ ವಿಷಯವು ‘ಹೂಂ’ ಎಂಬ ಏಕಾಕ್ಷರ. ಪ್ರಯೋಜನವು ಎದುರು ಕುಳಿತವನ ದುಃಖನಿವೃತ್ತಿ. ಅದು ಒದಗದ ಪಕ್ಷದಲ್ಲಿ, ಆ ದುಃಖದ ಬಿತ್ತನೆ ತನ್ನ ಮೂರನೆಯ ವಯಸ್ಸಿನಲ್ಲಿಯೇ ಆಗಿತ್ತೆಂಬ ಅರಿವು. ಸಂಬಂಧವು ವಾರಕ್ಕೊಂದು ಗಂಟೆಯದು; ಈ ದರ್ಶನದಲ್ಲಿ ಗಂಟೆಗೆ 50 ನಿಮಿಷಗಳೇ ಇರುವುದರಿಂದ ವಾಚಕರು ಕಾಲಗಣನೆಯಲ್ಲಿ ಎಡವಬಾರದು. ಉಳಿದದ್ದು ಅಧಿಕಾರಿನಿರ್ಣಯ, ತೊಡಕೆಲ್ಲ ಅಲ್ಲಿಯೇ.

ಪೂರ್ವಪಕ್ಷಿಯು ಆಕ್ಷೇಪಿಸುತ್ತಾನೆ: ‘ಅಜ್ಜಿಯು ಕಥೆ ಹೇಳುವಾಗ ಐದು ವರ್ಷದ ಮೊಮ್ಮಗು ಹೂಂಗುಟ್ಟುತ್ತದೆ, ಹೂಂ ನಿಂತೊಡನೆ ಕಥೆಯೂ ನಿಲ್ಲುತ್ತದೆ, ಆ ಕೂಸಿಗಿಲ್ಲದ ದೀಕ್ಷೆ, ಶುಲ್ಕ, ಪ್ರಮಾಣಪತ್ರಗಳು ಇವನಿಗೇಕೆ?’ ಇದು ಸ್ಥೂಲದೃಷ್ಟಿ. ಕೂಸಿನ ಹೂಂಕಾರಕ್ಕೆ ‘ಮುಂದೇನಾಯಿತು?’ ಎಂದರ್ಥ, ಸಮಾಲೋಚಕನದಕ್ಕೆ ‘ಹಿಂದೇನಾಗಿತ್ತು?’ ಎಂದು. ಒಂದು ಕಥೆಯನ್ನು ರಾಜಕುಮಾರಿಯ ಮದುವೆಯತ್ತ ಎಳೆದರೆ, ಇನ್ನೊಂದು ಅದನ್ನು ರಾಜಕುಮಾರಿಯ ತೊಟ್ಟಿಲಿನತ್ತ ಎಳೆಯುತ್ತದೆ. ಅಲ್ಲದೆ ಕೂಸು ನಡುವೆ ನಿದ್ರೆಹೋಗಬಹುದು. ಸಮಾಲೋಚಕನಿಗೆ ಆ ಸ್ವಾತಂತ್ರ್ಯವಿಲ್ಲ. ಆದರೂ ತೂಕಡಿಕೆ ಬಂದದ್ದಾದರೆ, 1950ರಲ್ಲಿ ಪೌಲಾ ಹೈಮನ್ ಎಂಬ ವಿದುಷಿಯು ಪ್ರತಿ-ವರ್ಗಾವಣೆಯನ್ನು ಕುರಿತು ಬರೆದ ಲೇಖನದ ಬಲದಿಂದ, ಆ ತೂಕಡಿಕೆಯು ತನ್ನದಲ್ಲ, ಎದುರಿನವನು ಅರಿಯದೆ ತನ್ನಲ್ಲಿ ಇಟ್ಟುಹೋದ ಠೇವಣಿ ಎಂದು ವಾದಿಸಬಹುದು. (ಇಲ್ಲಿ ವರ್ಗಾವಣೆಯೆಂದರೆ ಅಮಲ್ದಾರರನ್ನು ಒಂದು ತಾಲ್ಲೂಕಿನಿಂದ ಇನ್ನೊಂದಕ್ಕೆ ಅಟ್ಟುವುದಲ್ಲ, ತಂದೆಯ ಮೇಲಿನ ಸಿಟ್ಟನ್ನು ಸಮಾಲೋಚಕನ ತಲೆಗೆ ಅಟ್ಟುವುದು.)

ಇನ್ನು ಗುರುಪರಂಪರೆ. ತಾನು ಮೊದಲು ಶೋಧನೆಗೊಳಗಾಗದೆ ಅನ್ಯರನ್ನು ಶೋಧಿಸಲಾಗದೆಂಬ ನಿಯಮವನ್ನು 1918ರಲ್ಲಿ ಬುಡಾಪೆಸ್ಟಿನ ಸಮ್ಮೇಳನದಲ್ಲಿ ಹರ್ಮನ್ ನುನ್‌ಬರ್ಗ್ ಸೂಚಿಸಿದನು; 1920ರಲ್ಲಿ ತೆರೆದ ಬರ್ಲಿನ್ನಿನ ಚಿಕಿತ್ಸಾಲಯದವರು ಸ್ವಮನಃಶೋಧನೆ, ಶಾಸ್ತ್ರಾಧ್ಯಯನ, ಹಿರಿಯರ ಮೇಲ್ವಿಚಾರಣೆ ಎಂಬ ಮೂರು ಕಾಲುಗಳ ಮೇಲೆ ಈ ಪೀಠವನ್ನು ನಿಲ್ಲಿಸಿದರು. ಆದರೆ ಮೂಲಪುರುಷನಾದ ಫ್ರಾಯ್ಡನು 1897ರಲ್ಲಿ ತನ್ನನ್ನು ತಾನೇ ಶೋಧಿಸಿಕೊಂಡವನು. 1909ರಲ್ಲಿ ಐಟಿಂಗನ್ ಎಂಬ ಶಿಷ್ಯನಿಗೆ ದೀಕ್ಷೆ ಕೊಟ್ಟದ್ದೋ, ವಿಯೆನ್ನಾದ ಬೀದಿಗಳಲ್ಲಿ ಸಂಜೆ ಅಡ್ಡಾಡುತ್ತ. 1922ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಮನೋವಿಶ್ಲೇಷಣ ಸಂಘವನ್ನು ಕಟ್ಟಿದ ಗಿರೀಂದ್ರಶೇಖರ ಬೋಸರೂ ಸ್ವಯಂಭೂಗಳೇ. ಈ ಸ್ವಯಂಭೂಗಳಲ್ಲಿ ಯಾರೇ ಇಂದು ಅರ್ಜಿ ಹಾಕಿದರೂ ‘ತಮ್ಮನ್ನು ಶೋಧಿಸಿದವರ ಹೆಸರು’ ಎಂಬ ಅಂಕಣವು ಖಾಲಿಯುಳಿದ ಕಾರಣದಿಂದ ಅದು ತಿರಸ್ಕೃತವಾಗುವುದರಲ್ಲಿ ಸಂದೇಹವಿಲ್ಲ.

ಹೀಗಾಗಿ ವಿದ್ಯಾರ್ಥಿಯು ತನಗೆ ಹೂಂಗುಟ್ಟುವವರಿಗೊಂದು, ಹೂಂಕಾರದ ಇತಿಹಾಸವನ್ನು ಬೋಧಿಸುವವರಿಗೊಂದು, ತನ್ನ ಹೂಂಕಾರವನ್ನು ತಿದ್ದುವವರಿಗೊಂದು ಎಂದು ಮೂರು ದಕ್ಷಿಣೆಗಳನ್ನು ತೆತ್ತು, ತಾನು ಮಾತ್ರ ಅನೇಕ ವೇಳೆ ಧರ್ಮಾರ್ಥವಾಗಿ ಹೂಂಗುಟ್ಟತಕ್ಕದ್ದು.

ವ್ರತಗಳಲ್ಲಿ ಕಠಿನತಮವಾದುದು ಶಿಶುವೀಕ್ಷಣೆ. 1948ರಲ್ಲಿ ಟ್ಯಾವಿಸ್ಟಾಕ್ ಚಿಕಿತ್ಸಾಲಯದಲ್ಲಿ ಎಸ್ತರ್ ಬಿಕ್ ಎಂಬಾಕೆಯು ಆರಂಭಿಸಿದ ಈ ವಿಧಿಯಂತೆ ಅಭ್ಯಾಸಿಯು ಪರರ ಮನೆಯೊಂದಕ್ಕೆ ವಾರಕ್ಕೊಮ್ಮೆ, ಎರಡು ವರ್ಷಗಳ ಕಾಲ ಹೋಗಿ, ಹಸುಗೂಸನ್ನು ಒಂದು ಗಂಟೆ ನೋಡುತ್ತ ಕೂರಬೇಕು. ಅಲ್ಲಿ ಏನನ್ನೂ ಬರೆದುಕೊಳ್ಳಕೂಡದು; ಸಲಹೆ ನೀಡಕೂಡದು; ಎಲ್ಲವನ್ನೂ ನೆನಪಿನಲ್ಲಿಟ್ಟುಕೊಂಡು ಮನೆಗೆ ಹಿಂದಿರುಗಿದ ಮೇಲೆ ಬರೆಯಬೇಕು. ನಮ್ಮ ಕಡೆ ಹೆರಿಗೆಯಾದ ಮನೆಗೆ ಬಂದವರು, ಕೂಸಿಗೆ ಬಜೆ ನೆಕ್ಕಿಸಲಿಲ್ಲವೆ, ಸಾಂಬ್ರಾಣಿ ಹೊಗೆ ಹಾಕಲಿಲ್ಲವೆ ಎಂದು ಕೇಳದೆ ಹೊಸಿಲು ದಾಟಿದ್ದುಂಟೆ? ಇದೊಂದರಿಂದಲೇ ಈ ತಪಸ್ಸಿನ ತೀಕ್ಷ್ಣತೆಯನ್ನು ಊಹಿಸಬಹುದು.

ಆಸನವಿಧಿಯಲ್ಲಿಯೂ ಸೂಕ್ಷ್ಮವಿದೆ. ದಿನಕ್ಕೆ ಎಂಟು ಗಂಟೆಗಳ ಕಾಲ ಜನರು ತನ್ನನ್ನು ದಿಟ್ಟಿಸುವುದು ತನಗೆ ಸಹಿಸದೆಂದು ಬರೆದ ಫ್ರಾಯ್ಡನು ರೋಗಿಯನ್ನು ಮಂಚದ ಮೇಲೆ ಮಲಗಿಸಿ ತಾನು ತಲೆಯ ಹಿಂದೆ ಕುಳಿತನು. ಆ ಮಂಚವು ಲಂಡನ್ನಿನ ಮೇರ್ಸ್‌ಫೀಲ್ಡ್ ಗಾರ್ಡನ್ಸಿನ 20ನೆಯ ಮನೆಯಲ್ಲಿ ಇಂದಿಗೂ ಇದೆ. ಬಡ ಸಮಾಲೋಚಕನಿಗೆ ದೊರೆತದ್ದು ಎರಡು ಕುರ್ಚಿ ಮಾತ್ರ. ಆದುದರಿಂದ, ವೈದ್ಯನು ಕನ್ನಡಿಯಂತಿರಬೇಕೆಂದು 1912ರಲ್ಲಿ ವಿಧಿಸಿದವನಿಗಿಂತ, ಮರೆಯಿಲ್ಲದೆ ಕುಳಿತು ಅದನ್ನು ಪಾಲಿಸುವವನ ಮುಖಕ್ಕೇ ದಣಿವು ಹೆಚ್ಚು. ವರ್ತುಲಾಕಾರವಾಗಿ ಕುಳಿತು ಮೊದಲು ಮಾತನಾಡುವವರು ಯಾರೆಂದು ಎಲ್ಲರೂ ಕಾಯುವ ‘ಗುಂಪು’ ಎಂಬ ವ್ರತವನ್ನು ಗ್ರಂಥವಿಸ್ತಾರಭಯದಿಂದ ಕೈಬಿಟ್ಟಿದ್ದೇವೆ. ಅಲ್ಲಿಯೂ ಹೇಳುವಂಥದೇನೂ ನಡೆಯುವುದಿಲ್ಲ.

ಸಿದ್ಧಾಂತಪರೀಕ್ಷೆಗೆ ಒಂದೇ ದೃಷ್ಟಾಂತ. ನಾಲ್ಕು ವರ್ಷ ಈ ವಿದ್ಯೆಯಲ್ಲಿ ಬೆಂದು, ಏರಿಳಿತವಿಲ್ಲದ, ಹೊಗಳಿಕೆಯೂ ತೆಗಳಿಕೆಯೂ ಸೋಂಕದ ಪರಿಶುದ್ಧ ಹೂಂಕಾರವನ್ನು ಸಿದ್ಧಿಸಿಕೊಂಡ ನಮ್ಮ ಪರಿಚಿತನೊಬ್ಬನು ಲಂಡನ್ನಿನಿಂದ ಊರಿನ ಅಜ್ಜಿಗೆ ದೂರವಾಣಿ ಮಾಡಿದನು. ಆಕೆ ಸೊಸೆಯ ಮೇಲಿನ ದೂರನ್ನು ಪೀಠಿಕಾಸಹಿತ ಆರಂಭಿಸಿದಳು. ಇವನು ‘ಹೂಂ’ ಎಂದನು. ಆಕೆ ಇನ್ನೊಂದು ವಾಕ್ಯ ಮುಂದುವರಿಸಿದಳು. ಇವನು ಅದೇ ಶ್ರುತಿಯಲ್ಲಿ ಮತ್ತೆ ‘ಹೂಂ’ ಎಂದನು.

‘ಯಾಕೋ ಮಗಾ, ನಿದ್ದೆ ಬಂತೇನೋ?’ ಎಂದಳು ಅಜ್ಜಿ. ‘ಹೋಗಿ ಮಲಕ್ಕೋ, ನಾಳೆ ಹೇಳ್ತೀನಿ.’