ಐವತ್ತು ರೂಪಾಯಿಯ ಆಟಿ

ದಿನಕ್ಕೆ 50 ರೂಪಾಯಿ ಎಂದು ಊಟದ ಬಜೆಟ್ಟನ್ನು ನಾನು ಮಂಡಿಸಿದ್ದು ಭಾಗಮಂಡಲದ ಬಾಡಿಗೆ ಕೋಣೆಯಲ್ಲಿ. ಸದನದಲ್ಲಿ ನಾನೊಬ್ಬನೇ ಇದ್ದುದರಿಂದ ಚರ್ಚೆಯಿಲ್ಲದೆ ಅಂಗೀಕಾರವಾಯಿತು. ಗ್ಯಾಸ್ ಸಿಲಿಂಡರನ್ನು ಲೆಕ್ಕದ ಹೊರಗಿಟ್ಟೆ. ನುಂಗಲಾಗದ ಬಾಬ್ತನ್ನು ಬಜೆಟ್ಟಿನ ಹೊರಗಿಡುವುದು ದೊಡ್ಡವರೂ ಮಾಡುವ ಕೆಲಸ. ನಾನು ಅತಿಥಿ ಶಿಕ್ಷಕ. ಗೌರವಧನ ಬಂದೇ ಬರುತ್ತದೆ, ಯಾವ ತಿಂಗಳು ಎಂದು ಮಾತ್ರ ಕೇಳಬಾರದು. ಇಲ್ಲಿ ಕಾವೇರಿ, ಕನ್ನಿಕೆಯರ ಜೊತೆ ಸುಜ್ಯೋತಿ ಎಂಬ ಮೂರನೆಯ ನದಿಯೂ ಸಂಗಮಕ್ಕೆ ಬಂದು ಸೇರುತ್ತದೆ; ನೆಲದಡಿ ಹರಿಯುತ್ತದೆ, ಕಣ್ಣಿಗೆ ಬೀಳುವುದಿಲ್ಲ. ನನ್ನ ಆದಾಯವೂ ಸುಜ್ಯೋತಿಯ ಹಾಗೆ.

50 ರೂಪಾಯಿ ಕಡಿಮೆಯಾಯಿತು ಎನ್ನುವವರು ಸ್ವಲ್ಪ ಚರಿತ್ರೆ ಓದಬೇಕು. 2011ರ ಸೆಪ್ಟೆಂಬರಿನಲ್ಲಿ ಯೋಜನಾ ಆಯೋಗ ಸುಪ್ರೀಂ ಕೋರ್ಟಿಗೆ ಪ್ರಮಾಣಪತ್ರ ಕೊಟ್ಟು, ದಿನಕ್ಕೆ ಪಟ್ಟಣದಲ್ಲಿ 32, ಹಳ್ಳಿಯಲ್ಲಿ 26 ರೂಪಾಯಿ ಖರ್ಚು ಮಾಡಬಲ್ಲವನು ಬಡವನಲ್ಲ ಎಂದಿತು. ಊಟ, ಓದು, ಔಷಧಿ ಎಲ್ಲ ಸೇರಿ. ಆ ಲೆಕ್ಕದಲ್ಲಿ ನಾನು ಜಮೀನ್ದಾರ. ಅದೇ ವರ್ಷ ಬೆಂಗಳೂರಿನಲ್ಲಿದ್ದ ಇಬ್ಬರು ಇಂಜಿನಿಯರ್ ಹುಡುಗರು ಮೊದಲು ದಿನಕ್ಕೆ 100 ರೂಪಾಯಿಯಲ್ಲಿ, ಆಮೇಲೆ ಕೇರಳದ ಹಳ್ಳಿಯೊಂದಕ್ಕೆ ಹೋಗಿ ಬಡತನದ ರೇಖೆಯ ಮೇಲೆಯೇ ಬದುಕಿ ನೋಡಿದರು. ದಿನವಿಡೀ ಊಟದ್ದೇ ಯೋಚನೆಯಾಗಿ, ಪಾರ್ಲೆ-ಜಿ ಬಿಸ್ಕತ್ತೇ ಅವರ ದೊಡ್ಡ ಶೋಧನೆಯಾಯಿತಂತೆ. 2013ರಲ್ಲಿ ರಾಜಕಾರಣಿಯೊಬ್ಬರು ಮುಂಬಯಿಯಲ್ಲಿ 12 ರೂಪಾಯಿಗೆ ಹೊಟ್ಟೆ ತುಂಬುತ್ತದೆ ಎಂದರು. ಹೋಟೆಲಿನ ವಿಳಾಸ ಕೇಳಿದವರು ಬಹಳ ಮಂದಿ.

ನಮ್ಮಲ್ಲಿ ವಿಳಾಸವಿರುವ ಜಾಗವೇ ಇದೆ. 2017ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಇಂದಿರಾ ಕ್ಯಾಂಟೀನು ಮಡಿಕೇರಿಗೂ ಬಂದಿದೆ: ತಿಂಡಿಗೆ 5 ರೂಪಾಯಿ, ಊಟಕ್ಕೆ 10. ಆದರೆ ಐದು ರೂಪಾಯಿಯ ಇಡ್ಲಿಗಾಗಿ ಇಲ್ಲಿಂದ ಮೂವತ್ತು ಚಿಲ್ಲರೆ ಕಿಲೋಮೀಟರ್ ಬಸ್ಸಿನಲ್ಲಿ ಹೋಗಬೇಕು, ಗಂಡಸಾದ್ದರಿಂದ ಟಿಕೆಟ್ಟೂ ತೆಗೆಯಬೇಕು. ನಮ್ಮ ಮನೆ ಒಡತಿ ಅಜ್ಜಿಗೆ ಶಕ್ತಿ ಯೋಜನೆ ಉಂಟು. ಸರಕಾರಿ ಬಸ್ಸು ಸಿಕ್ಕಿದರೆ ಬಿಟ್ಟಿಯಾಗಿ ಹೋಗಿ ಇಡ್ಲಿ ತಿಂದು ಬರಬಹುದು. ಹೇಳಿ ನೋಡಿದೆ. "ಇಡ್ಲಿ ತಿನ್ಲಿಕ್ಕೆ ಮಡಿಕೇರಿಗಾ? ನಿಮಗೆ ಎಂಥ ಮೇಷ್ಟ್ರೇ, ಜ್ವರ ಉಂಟಾ?" ಎಂದರು.

ಶಾಲೆಯಿರುವ ದಿನ ಮಧ್ಯಾಹ್ನ ನನ್ನ ಆಸರೆ ಒಂದು ನಿಯಮ. ಬಿಸಿಯೂಟವನ್ನು ಮಕ್ಕಳಿಗೆ ಬಡಿಸುವ ಮುಂಚೆ ಶಿಕ್ಷಕರೊಬ್ಬರು ರುಚಿ ನೋಡಬೇಕು. ಗಣತಿ, ಚುನಾವಣೆ, ಸಮೀಕ್ಷೆ ಎಂದಾಗ ಬೇರೆ ಬೇರೆ ಕಡೆ ನೋಡುವ ನಾವು ಈ ಒಂದು ಹೊಣೆಗೆ ಮಾತ್ರ ಎದ್ದು ನಿಲ್ಲುತ್ತೇವೆ. 'ನಾವು' ಎಂದರೆ ನಾನು. ರುಚಿ ಎಂದರೆ ಎಷ್ಟು ಎಂಬುದನ್ನು ಸುತ್ತೋಲೆ ವಿವರಿಸಿಲ್ಲ. ಒಂದು ಚಮಚ ಸಾಂಬಾರು ಕೈಗೆ ಹಾಕಿಸಿಕೊಂಡು ಗಂಭೀರವಾಗಿ ಮಾಡು ನೋಡುತ್ತೇನೆ. ಉಪ್ಪು ಸರಿಯಿದೆಯೋ ಇಲ್ಲವೋ ತೀರ್ಮಾನವಾಗುವುದಿಲ್ಲ. ಅನ್ನದ ಜೊತೆ ಕಲಸಿ ನೋಡಿದರೆ ಗೊತ್ತಾದೀತು ಎನ್ನುತ್ತೇನೆ. "ಸರ್, ನಿನ್ನೆ ಇದೇ ಉಪ್ಪು ಹಾಕಿದ್ದು" ಎನ್ನುತ್ತಾರೆ ಅಡುಗೆಯ ಅಕ್ಕ, ಸೌಟನ್ನು ಹಿಂದಕ್ಕೆ ಎಳೆದುಕೊಳ್ಳುತ್ತ. ಮೊಟ್ಟೆ ಕೊಡುವ ದಿನ ಈ ಆಟ ನಡೆಯುವುದಿಲ್ಲ. ಸಾಂಬಾರನ್ನು ರುಚಿ ನೋಡಬಹುದು, ಮೊಟ್ಟೆ ಎಣಿಕೆಯ ವಸ್ತು.

ನಿಜವಾದ ಅರ್ಥಶಾಸ್ತ್ರಜ್ಞೆ ಈ ಅಕ್ಕ. ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ ಎಂದು ಲೆಕ್ಕ. ಧಾನ್ಯ ಸರಕಾರದ್ದು; ಉಳಿದ ಸಾಮಾನಿಗೆ 2025ರ ಮೇ ತಿಂಗಳಿಂದ ಕೇಂದ್ರ ಗೊತ್ತುಮಾಡಿರುವ ದರ ಮಗುವೊಂದಕ್ಕೆ 6 ರೂಪಾಯಿ 78 ಪೈಸೆ. ನಾಲ್ಕಾಣೆ ನಾಣ್ಯ ಚಲಾವಣೆಯಿಂದ ಹೋದದ್ದು 2011ರಲ್ಲಿ. ಈ 78 ಪೈಸೆಯನ್ನು ಕಣ್ಣಾರೆ ಕಂಡವರಿಲ್ಲ, ಅದರಲ್ಲಿ ಬೆಂದ ಹುರುಳಿಕಾಯಿಯನ್ನು ಮಕ್ಕಳು ದಿನಾ ತಿನ್ನುತ್ತಾರೆ.

ಭಾನುವಾರ ಭಗಂಡೇಶ್ವರ ದೇವಸ್ಥಾನದ ಅನ್ನದಾನ. ತಲಕಾವೇರಿಗೆ ಇಲ್ಲಿಂದ ಎಂಟು ಕಿಲೋಮೀಟರ್. ಸಂಗಮದಲ್ಲಿ ಮಿಂದು ಮೇಲೆ ಹೋಗುವ ಯಾತ್ರಿಕರು ಊಟಕ್ಕೆ ಕೂತಿರುತ್ತಾರೆ. ಅವರ ನಡುವೆ ಯಾತ್ರಿಕನಂತೆ ಕಾಣುವುದೇ ಕಷ್ಟ. ಹಣೆಗೆ ಕುಂಕುಮ ಇಟ್ಟುಕೊಂಡೆ. ತಲೆಗೆ ನೀರು ಚಿಮುಕಿಸಿಕೊಳ್ಳುವ ಅಗತ್ಯ ಬೀಳಲಿಲ್ಲ, ಆ ಕೆಲಸ ಮಳೆಯೇ ಮಾಡಿತ್ತು. ಹಾಗಿದ್ದೂ ಬಡಿಸುವವರು "ಮೇಷ್ಟ್ರೇ, ಸಾರು ಹಾಕ್ಲಾ?" ಎಂದು ಗಟ್ಟಿಯಾಗಿ ಕೇಳಿದರು. ಪಕ್ಕದಲ್ಲಿ ಕೂತಿದ್ದ ಯಾತ್ರಿಕರು ನನ್ನ ಕಡೆ ತಿರುಗಿ, ಇಲ್ಲಿಯವರೇ ಅಂದಮೇಲೆ ಊಟವಾದ ಮೇಲೆ ಒಳ್ಳೆಯ ಜೇನು ಎಲ್ಲಿ ಸಿಗುತ್ತದೆ ತೋರಿಸಿ ಎಂದರು. ಭಾಗಮಂಡಲದ ಜೇನು ಹೆಸರುವಾಸಿ. ಅಂಗಡಿ ತೋರಿಸಿದೆ. ನನ್ನ ಬಜೆಟ್ಟಿನಲ್ಲಿ ಜೇನನ್ನು ತೋರಿಸಲಷ್ಟೇ ಅವಕಾಶ.

ಉಳಿದದ್ದು ರಾತ್ರಿಯ ಊಟ. ಅದಕ್ಕೆ ಆಟಿ ತಿಂಗಳನ್ನು ನೆಚ್ಚಿಕೊಂಡಿದ್ದೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಈ ತಿಂಗಳು ಕೊಡವರಿಗೆ ಕಕ್ಕಡ, ಅರೆಭಾಷೆಯವರಿಗೆ ಆಟಿ. ಮರದ ಮೇಲೆ ಮರಕೆಸು, ತೋಡಿನ ಬದಿಗೆ ಕಾಡುಕೆಸು, ತೋಟದಂಚಿನಲ್ಲಿ ಕಣಿಲೆ, ಗದ್ದೆಯಲ್ಲಿ ಏಡಿ. ಎಲ್ಲ ಬಿಟ್ಟಿ. ನಮ್ಮ ಚಳ್ಳಕೆರೆಯಲ್ಲಿ ವರ್ಷಪೂರ್ತಿ ಬೀಳುವ ಮಳೆ ಇಲ್ಲಿ ಕೆಲವೇ ದಿನಗಳಲ್ಲಿ ಬಿದ್ದು ಮುಗಿಯುವುದನ್ನು ಕಂಡು, ಹಸಿರಿದ್ದಲ್ಲಿ ಹಸಿವಿಲ್ಲ ಎಂದು ಮನೆಗೆ ಫೋನಿನಲ್ಲಿ ಕೊಚ್ಚಿಕೊಂಡೂ ಆಗಿತ್ತು.

ಬಿಟ್ಟಿ ಸಿಗುವ ಪದಾರ್ಥದಷ್ಟು ದುಬಾರಿ ಬೇರೆ ಇಲ್ಲ. ಮರಕೆಸುವಿನ ಎಲೆಗೆ ಸೊನ್ನೆ ರೂಪಾಯಿ. ಪತ್ರೊಡೆಗೆ ಅಕ್ಕಿ ಬೇಕು. ಹುಳಿ ಬೇಕು, ಇಲ್ಲದಿದ್ದರೆ ಗಂಟಲು ಹಿಡಿಯುತ್ತದೆ. ಒಣಮೆಣಸು, ಬೆಲ್ಲ, ಕೊತ್ತಂಬರಿ, ತೆಂಗಿನಕಾಯಿ. ಗಂಟೆಗಟ್ಟಲೆ ಹಬೆ. ಬೆಂದಮೇಲೆ ಒಗ್ಗರಣೆಯೋ ಹಂಚಿನ ಮೇಲೆ ಹುರಿಯುವುದೋ, ಎರಡಕ್ಕೂ ಎಣ್ಣೆ; ಎಣ್ಣೆ ಗಿರಣಿಗಳ ಊರಿನಿಂದ ಬಂದವನ ಕೈ ಎಣ್ಣೆಯಲ್ಲಿ ಜಿಪುಣತನ ಕಲಿತಿಲ್ಲ. ಕಾಯಿಯ ಈಚಿನ ಬೆಲೆ ಗೊತ್ತೇ ಇದೆ, ಒಂದು ಒಡೆದರೆ ನನ್ನ ಒಂದು ದಿನ ಒಡೆದಂತೆ. ಕಣಿಲೆಯನ್ನು ಸಣ್ಣಗೆ ಹೆಚ್ಚಿ, ನೀರು ಬದಲಿಸುತ್ತ ದಿನಗಟ್ಟಲೆ ನೆನೆಹಾಕಬೇಕು. ಹಸಿದವನಿಗೆ ಅಷ್ಟು ಮುಂದಾಲೋಚನೆ ಇದ್ದರೆ ಅವನು ಹಸಿಯುವುದೇ ಇಲ್ಲ. ಒಬ್ಬ ಹುಡುಗ "ಸಾರ್, ಏಡಿ" ಎಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಜೀವಂತ ಏಡಿ ತಂದುಕೊಟ್ಟ. ಅದಕ್ಕೂ ಮಸಾಲೆ, ಅದಕ್ಕೂ ಕಾಯಿ. ಏಡಿ ತಿಂದು ಬರುವ ಶಕ್ತಿ ಏಡಿಯ ಕಾಲು ಒಡೆಯುವುದಕ್ಕೆ ಸಾಲದು.

ಸಗಟು ತಂದಿಟ್ಟರೆ ಅಗ್ಗ ಎಂಬ ಗೃಹಶಾಸ್ತ್ರವೂ ಇಲ್ಲಿ ನಡೆಯುವುದಿಲ್ಲ. ಊರಿನಿಂದ ಅಮ್ಮ ಕಳಿಸಿದ ಶೇಂಗಾ ಚಟ್ನಿಪುಡಿಗೆ ಬೂಷ್ಟು ಹಿಡಿಯಿತು, ಬೇಳೆಗೆ ಹಿಡಿಯಿತು, ನನ್ನ ಚಪ್ಪಲಿಗೂ ಹಿಡಿಯಿತು. ಹೀಗಾಗಿ ಎಣ್ಣೆ, ಬೇಳೆ, ಸಕ್ಕರೆ ಎಲ್ಲ ನೂರು ಗ್ರಾಂ ಲೆಕ್ಕದಲ್ಲಿ, ಹೆಚ್ಚಿನ ದರಕ್ಕೆ. ದುಡ್ಡಿದ್ದವನಿಗೆ ಕಿಲೋಗೊಂದು ಬೆಲೆ, ಇಲ್ಲದವನಿಗೆ ಅದೇ ಸಾಮಾನು ಇನ್ನೂ ತುಟ್ಟಿ. ಇದು ಯಾವ ಬಡತನದ ರೇಖೆಯಲ್ಲೂ ಕಾಣುವುದಿಲ್ಲ. ಸಂಗಮ ಉಕ್ಕಿ ನೀರು ರಸ್ತೆಗೆ ಬಂದು ತರಕಾರಿ ಗಾಡಿ ನಿಂತ ದಿನ ಮಾತ್ರ ನನ್ನ ಬಜೆಟ್ಟು ಮಿಗತೆ ತೋರಿಸುತ್ತದೆ. ಕೊಳ್ಳಲು ಏನೂ ಇರುವುದಿಲ್ಲ. ಗಂಜಿ, ಉಪ್ಪಿನಕಾಯಿ, ರಜೆ.

ಆಗಸ್ಟ್ 3, ಆಟಿ ಹದಿನೆಂಟು. ಅಂದು ಮದ್ದುಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಸೇರಿರುತ್ತದೆ ಎಂಬುದು ಕೊಡಗಿನ ನಂಬಿಕೆ. ಸೊಪ್ಪನ್ನು ಬೇಯಿಸಿದರೆ ನೀರು ನೇರಳೆ ಬಣ್ಣಕ್ಕೆ ತಿರುಗುತ್ತದೆ, ಅದರಲ್ಲಿ ಪಾಯಸ. ಸೊಪ್ಪು ಬೇಲಿಯಲ್ಲೇ ಇತ್ತು, ಬಿಟ್ಟಿ. ಅಜ್ಜಿಯ ಒಲೆಯ ಮುಂದೆ ಕೂತು ನೋಡಿದೆ: ಅಕ್ಕಿ, ಬೆಲ್ಲ, ಏಲಕ್ಕಿ, ತುಪ್ಪ, ಒಂದಲ್ಲ ಎರಡು ಕಾಯಿಯ ಹಾಲು, ಮೇಲೆ ಧಾರಾಳವಾಗಿ ಜೇನು. ನನ್ನ ವಾರದ ಬಜೆಟ್ಟು ಒಂದೇ ಪಾತ್ರೆಯಲ್ಲಿ ಕುದಿಯುತ್ತಿತ್ತು. ನನಗೆ ದೊಡ್ಡ ಬಟ್ಟಲು ಕೊಟ್ಟರು. "ನಾಳೆ ಬೆಳಿಗ್ಗೆ ಹೆದರ್ಬೇಡಿ, ಕೆಂಪಾಗಿ ಹೋಗ್ತದೆ" ಎಂದೂ ಎಚ್ಚರಿಸಿದರು. ಎಷ್ಟಾಯಿತು ಅಜ್ಜಿ ಖರ್ಚು ಎಂದು ಕೇಳಿದೆ. "ಎಂಥ ಖರ್ಚು? ಸೊಪ್ಪು ಬೇಲಿದಲ್ವಾ?" ಎಂದರು.

ಅಂದಿನ ನನ್ನ ಲೆಕ್ಕದ ಪುಸ್ತಕದಲ್ಲಿ ಖರ್ಚು ಸೊನ್ನೆ, ಅಜ್ಜಿಯ ಲೆಕ್ಕದಲ್ಲೂ ಸೊನ್ನೆ. ಕಾಯಿ ಇಬ್ಬರ ಲೆಕ್ಕಕ್ಕೂ ಬರಲಿಲ್ಲ. ಕಡಿಮೆ ದುಡ್ಡಿನಲ್ಲಿ ಚೆನ್ನಾಗಿ ಉಣ್ಣುವುದು ಹೇಗೆ ಎಂದು ಕೇಳುವವರಿಗೆ ನಾನು ಕೊಡಬಹುದಾದ ಉಪಾಯ ಒಂದೇ, ಒಲೆ ಉರಿಸುವ ಅಜ್ಜಿಯಿರುವ ಮನೆಯಲ್ಲಿ ಬಾಡಿಗೆಗೆ ಇರಿ.

ಮುಂದಿನ ಆಟಿಗೆ ಈ ಕಡೆ ಬರುವವರಿದ್ದರೆ ಖಂಡಿತ ನನ್ನ ಕೋಣೆಗೆ ಬನ್ನಿ, ಪತ್ರೊಡೆ ಮಾಡೋಣ. ಎಲೆ ನನ್ನದು. ಬರುವಾಗ ಎರಡು ತೆಂಗಿನಕಾಯಿ ಹಿಡಿದುಕೊಂಡು ಬನ್ನಿ.