ಮೊದಲು ಸಡಿಲ ಬಿಡಿ ಸ್ವಾಮಿ

ಸಾಲ ಮಾಡಿ ಕಾರು ಕೊಂಡವರನ್ನು ನೋಡಿದ್ದೇನೆ, ಕೊಂಡು ಷೆಡ್ಡಿನಿಂದ ಹೊರಗೇ ತೆಗೆಯದವರನ್ನೂ ನೋಡಿದ್ದೇನೆ. ಕಾರನ್ನು ರಟ್ಟಿನ ಪೆಟ್ಟಿಗೆಗಳಲ್ಲಿ ತರಿಸಿಕೊಂಡು ‘ಇನ್ನೇನು, ಜೋಡಿಸೋದೊಂದೇ ಬಾಕಿ’ ಅಂತ ಮೀಸೆ ತಿರುವಿದವರನ್ನು ನೋಡಿದ್ದು ಮಾತ್ರ ಇಂಗ್ಲೆಂಡಿಗೆ ಬಂದ ಮೇಲೆ. ಅದೂ ಇಲ್ಲಿಯವರನ್ನಲ್ಲ; ನಮ್ಮ ಹಿತ್ತಲ ಬೇಲಿಯಾಚೆಗಿರುವ ಹಾಸನದ ರಾಯರನ್ನು.

ಶನಿವಾರ ಬೆಳಗಾದರೆ ಬೇಲಿಯ ಹಲಗೆಯ ಮೇಲೆ ರಾಯರ ತಲೆ ಮೂಡುತ್ತದೆ. “ಸ್ವಾಮಿ, ಕೂರ್ತಾ ಇಲ್ಲ.” ಏನು ಕೂರ್ತಾ ಇಲ್ಲ ಅಂತ ಕೇಳುವ ಅಗತ್ಯವಿಲ್ಲ. ಪೆಟ್ಟಿಗೆಯಿಂದ ಆ ವಾರ ಏನು ಹೊರಬಂದಿದೆಯೋ ಅದು. ನಾನು ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ, ಅಪ್ಪನ ಲೇತಿನ ಸದ್ದಿನ ನಡುವೆ ಬೆಳೆದವನು. ಆದ್ದರಿಂದ ನನಗೆ ಎಲ್ಲ ಗೊತ್ತಿರುತ್ತದೆ ಅಂತ ರಾಯರ ನಂಬಿಕೆ. ನಾನೂ ಆ ನಂಬಿಕೆಗೆ ಅಡ್ಡಿಪಡಿಸಿಲ್ಲ.

ಅವರು ಕಟ್ಟುತ್ತಿರುವುದು ‘ಸೆವೆನ್’ ಮಾದರಿಯ ಪುಟಾಣಿ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಬಾಗಿಲು ಅಂತ ಹೇಳಿಕೊಳ್ಳುವಂಥದ್ದಿಲ್ಲ, ಮುಂದಿನ ಚಕ್ರಗಳು ಮೈಯಿಂದಾಚೆ ಚಾಚಿಕೊಂಡಿರುತ್ತವೆ. ಇದರ ಮೂಲಪುರುಷ ಲೋಟಸ್ ಕಂಪನಿಯ ಕಾಲಿನ್ ಚಾಪ್‌ಮನ್. 1957ರಲ್ಲಿ ಲೋಟಸ್ ಸೆವೆನ್ ತಂದಾಗ ಈ ದೇಶದಲ್ಲಿ ಸಿದ್ಧ ಕಾರಿಗೆ ಖರೀದಿ ತೆರಿಗೆ ಇತ್ತು, ಬಿಡಿಭಾಗಗಳಾಗಿ ಕೊಂಡರೆ ಇರಲಿಲ್ಲ. ಆದರೆ ಜೊತೆಗೆ ಜೋಡಿಸುವ ಸೂಚನೆ ಕೊಟ್ಟರೆ ತೆರಿಗೆಯವರು ಒಪ್ಪುತ್ತಿರಲಿಲ್ಲವಂತೆ. ಅದಕ್ಕೆ ಲೋಟಸ್‌ನವರು ಕಾರನ್ನು ಬಿಚ್ಚುವುದು ಹೇಗೆ ಅನ್ನುವ ಸೂಚನೆ ಕೊಡುತ್ತಿದ್ದರು, ಕೊಂಡವರು ಅದನ್ನು ಕೊನೆಯಿಂದ ಓದಿಕೊಳ್ಳುತ್ತಿದ್ದರು ಅಂತ ಇಲ್ಲಿಯವರು ಈಗಲೂ ಕಣ್ಣು ಮಿಟುಕಿಸಿ ಹೇಳುತ್ತಾರೆ. 1973ರಲ್ಲಿ ವ್ಯಾಟ್ ಬಂದು ಆ ಲಾಭ ಮುಗಿಯಿತು. ಅದೇ ವರ್ಷ ಸೆವೆನ್ ಕಟ್ಟುವ ಹಕ್ಕು ಕೇಟರ್‌ಹ್ಯಾಮ್ ಕಂಪನಿಯವರ ಕೈಗೆ ಹೋಯಿತು. ತೆರಿಗೆಯ ಆಸೆ ಹೋದರೂ ಚಟ ಹೋಗಲಿಲ್ಲ. 1996ರಲ್ಲಿ ರಾನ್ ಚಾಂಪಿಯನ್ ಅನ್ನುವವರು ಹಳೆಯ ಫೋರ್ಡ್ ಎಸ್ಕಾರ್ಟ್ ಬಿಚ್ಚಿ, ಕಬ್ಬಿಣದ ಕೊಳವೆ ಬೆಸೆದು, 250 ಪೌಂಡಿನಲ್ಲಿ ಸ್ಪೋರ್ಟ್ಸ್ ಕಾರು ಕಟ್ಟಿಕೊಳ್ಳಬಹುದು ಅಂತ ಪುಸ್ತಕವನ್ನೇ ಬರೆದುಬಿಟ್ಟರು. ಆಮೇಲೆ ಎಷ್ಟು ಮನೆಗಳ ಗ್ಯಾರೇಜು ಕಾರಿನ ಹೆರಿಗೆ ಕೋಣೆಯಾಯಿತೋ ದೇವರೇ ಬಲ್ಲ.

ರಾಯರ ಮೊದಲ ಗೋಳು ಮುಂದಿನ ವಿಷ್‌ಬೋನಿನದು, ಅಂದರೆ ಚಕ್ರವನ್ನು ಷಾಸಿಗೆ ಹಿಡಿದಿಡುವ ಕವೆತೋಳಿನದು. ಷಾಸಿಗೆ ಬೆಸೆದ ಎರಡು ಕಿವಿಗಳ ನಡುವೆ ಅದರ ರಬ್ಬರ್ ಬುಷ್ ಕೂರಬೇಕು. ಕೂರಲಿಲ್ಲ. ರಾಯರು ಬುಷ್ಷಿನೊಳಗಿನ ಉಕ್ಕಿನ ಕೊಳವೆಯನ್ನು ವೈಸಿಗೆ ಹಿಡಿಸಿ, ಅರ ಕೈಗೆತ್ತಿಕೊಂಡಿದ್ದರು.

“ರಾಯರೇ, ಅರ ಕೆಳಗಿಡಿ,” ಅಂದೆ. “ಆ ಕೊಳವೇನ ಮುಟ್ಟಬೇಡಿ. ಬೋಲ್ಟು ಬಿಗಿದಾಗ ಎರಡು ಕಿವಿಯೂ ಅದನ್ನ ಕಚ್ಚಿ ಹಿಡೀಬೇಕು. ನೀವು ತೇಯ್ದು ಗಿಡ್ಡ ಮಾಡಿದ್ರೆ ಕಚ್ಚೋದು ರಬ್ಬರನ್ನ.”

“ಮತ್ತೆ ತಪ್ಪು ಯಾರದು ಸ್ವಾಮಿ?”

ತಪ್ಪು ಬಣ್ಣದ್ದು. ಷಾಸಿಗೆ ಪೌಡರ್ ಕೋಟ್ ಮಾಡುತ್ತಾರಲ್ಲ, ಅದು ಕಿವಿಯ ಒಳಮೈಗೂ ಹತ್ತಿರುತ್ತದೆ. ಒಂದು ಬದಿಗೆ ಮಿಲಿಮೀಟರಿನ ಹತ್ತನೇ ಒಂದು ಪಾಲಿನಷ್ಟು ಇದ್ದರೂ ಎರಡು ಬದಿ ಸೇರಿದರೆ ಬುಷ್ ಒಳಗೆ ಹೋಗುವುದಿಲ್ಲ. ಬುಷ್ ಕೂರುವ ಜಾಗದ ಬಣ್ಣವನ್ನಷ್ಟೇ ಹೆರೆದು, ತುಕ್ಕು ಹಿಡಿಯದ ಹಾಗೆ ಒಂದಿಷ್ಟು ಗ್ರೀಸು ಸವರಿದರೆ ಮುಗಿಯಿತು. ಬೋಲ್ಟಿನ ತೂತು, ಥ್ರೆಡ್ಡಿಗೂ ಇದೇ ಕಾಯಿಲೆ. ಥ್ರೆಡ್ಡಿನೊಳಗೆ ಒಂದು ಸಲ ಟ್ಯಾಪ್ ಆಡಿಸಿ ಬಣ್ಣ ಉದುರಿಸಿದರೆ ಸಾಕು. ಡ್ರಿಲ್ ಹಿಡಿದು ತೂತನ್ನೇ ದೊಡ್ಡದು ಮಾಡಿದರೆ ಬೋಲ್ಟು ಸಲೀಸಾಗಿ ಹೋಗುತ್ತದೆ ನಿಜ. ಆಮೇಲೆ ರಸ್ತೆಯ ಪ್ರತಿ ಗುಂಡಿಯಲ್ಲೂ ಕಟಕಟ ಅನ್ನುತ್ತದೆ.

ಅಪ್ಪ ಹೇಳುತ್ತಿದ್ದರು: ಎರಡು ವಸ್ತು ಕೂಡಲಿಲ್ಲ ಅಂದರೆ ಯಾವುದನ್ನು ಕೊರೆಯಲಿ ಅಂತ ಕೇಳಬೇಡ, ಯಾವುದು ಸುಳ್ಳು ಹೇಳುತ್ತಿದೆ ಅಂತ ಕೇಳು. ಕಿಟ್ ಕಾರಿನ ತಮಾಷೆ ಏನೆಂದರೆ, ಬಹಳ ಸಲ ಯಾವುದೂ ಸುಳ್ಳು ಹೇಳುತ್ತಿರುವುದಿಲ್ಲ. ಬೆಸುಗೆಯ ಶಾಖಕ್ಕೆ ಕೊಳವೆ ಕೂದಲೆಳೆಯಷ್ಟು ಸೆಳೆದಿರುತ್ತದೆ, ಎರಕದ ಭಾಗ ತನಗೆ ಒಪ್ಪಿದ ಅಳತೆಯ ಅಂಚಿನಲ್ಲಿರುತ್ತದೆ, ಇನ್ಯಾರೋ ಕೊರೆದ ತೂತು ಇನ್ನೊಂದು ಅಂಚಿನಲ್ಲಿ. ಒಂದೊಂದನ್ನೇ ಅಳೆದರೆ ಎಲ್ಲವೂ ಸರಿ. ಎಲ್ಲರ ರಿಯಾಯಿತಿಯ ಲೆಕ್ಕ ಚುಕ್ತಾ ಆಗುವುದು ಕೊನೆಯ ಬೋಲ್ಟಿನ ಹತ್ತಿರ. ನಾವು ಬಯ್ಯುವುದೂ ಪಾಪ ಆ ಕೊನೆಯ ಬೋಲ್ಟನ್ನೇ.

ಅದಕ್ಕೇ ನನ್ನದೊಂದೇ ಮಂತ್ರ, ರಾಯರಿಗೆ ಕೇಳಿ ಕೇಳಿ ಸಾಕಾಗಿದೆ: ಮೊದಲು ಸಡಿಲ ಬಿಡಿ ಸ್ವಾಮಿ. ಚಪ್ಪರಕ್ಕೆ ನಾಲ್ಕು ಕಂಬವೂ ನಿಂತ ಮೇಲೆ ತಾನೆ ಹಗ್ಗ ಬಿಗಿಯೋದು? ಮೂರು ಬೋಲ್ಟನ್ನು ಸ್ಪ್ಯಾನರಿನಲ್ಲಿ ಬಿಗಿದು ನಾಲ್ಕನೆಯದಕ್ಕೆ ಸುತ್ತಿಗೆ ಹುಡುಕುವುದು ಯಾವ ಬುದ್ಧಿವಂತಿಕೆ? ನಾಲ್ಕನ್ನೂ ಬೆರಳಲ್ಲೇ ತಿರುಗಿಸಿ ಹಿಡಿಸಬೇಕು, ಅಲ್ಲಾಡಿಸಬೇಕು, ಭಾಗಗಳೇ ತಮ್ಮ ತಮ್ಮ ಜಾಗ ನೋಡಿಕೊಂಡ ಮೇಲೆ ಬಿಗಿಯಬೇಕು. ರಬ್ಬರ್ ಬುಷ್ಷಿನ ಬೋಲ್ಟನ್ನಂತೂ ಆಗಲೂ ಪೂರ್ತಿ ಬಿಗಿಯುವ ಹಾಗಿಲ್ಲ. ಕಾರು ತನ್ನ ಚಕ್ರದ ಮೇಲೆ, ತನ್ನ ಭಾರದಲ್ಲಿ ನಿಲ್ಲಬೇಕು. ಗಾಳಿಯಲ್ಲಿ ನೇತಾಡುವಾಗಲೇ ಬಿಗಿದರೆ, ಕಾರು ನೆಲಕ್ಕಿಳಿದ ದಿನದಿಂದ ಆ ರಬ್ಬರು ತಿರುಚಿಕೊಂಡೇ ಬಾಳಬೇಕು, ಬೇಗ ಹರಿಯುತ್ತದೆ.

ಡಿಫರೆನ್ಷಿಯಲ್ಲಿನ ಕಥೆ ಇನ್ನೊಂದು ಬಗೆ. ಅಲ್ಲಿ ಬಿಗಿಯಲ್ಲ, ಸಂದು. ಹಿಂದಿನ ಚಕ್ರಗಳಿಗೆ ಬಲ ಹಂಚುವ ಅದು ರಾಯರ ಕಾರಿನಲ್ಲಿ ಸೀಟಿನ ಹಿಂದೆ ಷಾಸಿಯ ಕಿವಿಗಳ ನಡುವೆ ಉದ್ದನೆಯ ಬೋಲ್ಟಿಗೆ ತೂಗುತ್ತದೆ. ಎಡಬಲ ಸಮ ಬರಬೇಕು, ಉಳಿದ ಸಂದಿಗೆ ವಾಷರ್ ತುಂಬಬೇಕು. ಭಾರವಾದ ಉಕ್ಕಿನ ಗುಂಡನ್ನು ಜ್ಯಾಕಿನ ಮೇಲಿಟ್ಟುಕೊಂಡು, ಕಾಣದ ಸಂದಿಯಲ್ಲಿ ಒಂದೊಂದೇ ವಾಷರ್ ತೂರಿಸುವುದು ಅಂದರೆ! ಒಂದು ಕೂತರೆ ಇನ್ನೊಂದು ಠಣ್ ಅಂತ ಬೀಳುತ್ತದೆ. ಬೇಲಿಯಾಚೆಯಿಂದ ಆ ಠಣ್ ಕೇಳಿಸುತ್ತಿತ್ತು, ಹಿಂದೆಯೇ ಹಾಸನದ ಅಚ್ಚ ಕನ್ನಡ. ಅದನ್ನಿಲ್ಲಿ ಬರೆಯುವಂತಿಲ್ಲ. ಉಪಾಯ ಸುಲಭದ್ದು. ಎಷ್ಟು ವಾಷರ್ ಬೇಕು ಅಂತ ಮೊದಲೇ ಅಳೆದು, ಅಷ್ಟನ್ನೂ ಗ್ರೀಸು ಸವರಿ, ಕಾಗದದ ಟೇಪಿನಲ್ಲಿ ಒಂದೇ ಬಿಲ್ಲೆಯಾಗಿ ಕಟ್ಟಿ ಒಟ್ಟಿಗೇ ಇಳಿಸಬೇಕು. ತುದಿ ಚೂಪಾದ ಸರಳನ್ನು ಮೊದಲು ತೂರಿಸಿ ತೂತುಗಳನ್ನು ಒಂದೇ ಸಾಲಿಗೆ ತಂದರೆ ಬೋಲ್ಟು ಹಿಂದೆಯೇ ಬರುತ್ತದೆ.

ಎಂಜಿನ್ ಕೂತ ವಾರ ಬಾನೆಟ್ಟು ಮುಚ್ಚುತ್ತದೋ ಇಲ್ಲವೋ ಅನ್ನುವ ಅನುಮಾನ ಬಂತು. ಮುಚ್ಚಿದ ಬಾನೆಟ್ಟಿನೊಳಗೆ ಇಣುಕುವುದು ಹೇಗೆ? ಇಲ್ಲಿಯವರು ಮಕ್ಕಳಾಡುವ ಜೇಡಿಯನ್ನು ಎಂಜಿನ್ ತಲೆಯ ಮೇಲಿಟ್ಟು, ಮುಚ್ಚಿ ತೆಗೆದು, ಅದು ಎಷ್ಟು ಅಪ್ಪಚ್ಚಿಯಾಯಿತು ಅಂತ ಅಳೆಯುತ್ತಾರೆ. ರಾಯರು ಅಡುಗೆಮನೆಯಿಂದ ಚಪಾತಿ ಹಿಟ್ಟಿನ ಉಂಡೆ ತಂದರು. ಕೆಲಸ ಚೆನ್ನಾಗಿಯೇ ಆಯಿತು. ಉಳಿದ ದಪ್ಪ ಬೆರಳಗಲಕ್ಕೂ ಕಮ್ಮಿ. ಎಂಜಿನ್ ರಬ್ಬರಿನ ಮೇಲೆ ಕೂತಿರುತ್ತದೆ, ಓಡುವಾಗ ತಲೆ ಆಡಿಸುತ್ತದೆ, ಅದಕ್ಕೂ ಜಾಗ ಬಿಡಿ ಅಂತ ನಾನಂದೆ. ಅವರ ಮನೆಯವರು ಹಿಟ್ಟಿನ ಬಗ್ಗೆ ಅಂದದ್ದು ಬೇರೆ.

ಫೈಬರ್‌ಗ್ಲಾಸಿನ ಮೂತಿ, ಮಡ್‌ಗಾರ್ಡುಗಳದು ಬೇರೆಯೇ ಜಾತಿ. ರಾಳ ಗಟ್ಟಿಯಾಗುವಾಗ ತುಸು ಕುಗ್ಗುತ್ತದೆ, ಅಚ್ಚಿನಿಂದ ಬೇಗ ಎತ್ತಿದರೆ ಸೊಟ್ಟಗಾಗುತ್ತದೆ. ಎಡದ್ದು ಬಲದ್ದರ ತದ್ರೂಪು ಆಗಿರುವುದೇ ಅಪರೂಪ. ಎಡದ ಅಳತೆ ಹಿಡಿದು ಬಲಕ್ಕೆ ತೂತು ಕೊರೆದವನು ಕೆಟ್ಟ. ಕಾರಿನ ನಡುಗೆರೆಗೆ ದಾರ ಕಟ್ಟಿ ಅಲ್ಲಿಂದ ಅಳೆಯಬೇಕು, ರಟ್ಟು ಕತ್ತರಿಸಿ ನಮೂನೆ ಮಾಡಬೇಕು. ಆದರೂ ನಾಲ್ಕಾರು ಮಿಲಿಮೀಟರ್ ವ್ಯತ್ಯಾಸ ಬಂದರೆ ಎರಡು ಬದಿಗೂ ಹಂಚಿಬಿಡಿ. ಕಣ್ಣು ಅಳತೆಪಟ್ಟಿಯಲ್ಲ, ಹಂಚಿಕೊಂಡ ಸೊಟ್ಟ ಅದಕ್ಕೆ ಕಾಣುವುದಿಲ್ಲ. ಕೊರೆಯುವ ಮೊದಲು ಟೇಪು ಅಂಟಿಸಿ, ಡ್ರಿಲ್ಲನ್ನು ಹಿಂದುಮುಂದಾಗಿ ತಿರುಗಿಸಿ ಹೊಳಪಿನ ಪದರ ದಾಟಿಸಿದರೆ ಅಂಚು ಚಕ್ಕೆ ಏಳುವುದಿಲ್ಲ. ಇಲ್ಲಿ ತೂತನ್ನು ಒಂಚೂರು ದೊಡ್ಡದು ಮಾಡಿದರೂ ಪರವಾಗಿಲ್ಲ, ಅಗಲದ ವಾಷರ್ ಮುಚ್ಚುತ್ತದೆ.

ಎಲ್ಲ ಕಡೆಯೂ ಹೀಗೆ ಸಡಿಲ, ಹೊಂದಾಣಿಕೆ ಅಂತ ಉಪದೇಶ ಮಾಡುತ್ತಿದ್ದ ನಾನು ರಾಯರ ಮೇಲೆ ದನಿ ಏರಿಸಿದ್ದು ಬ್ರೇಕಿನ ಹತ್ತಿರ. ಬೇರೆ ಬೇರೆ ಕಾರುಗಳಿಂದ ತಂದ ಭಾಗಗಳು. ಒಂದು ಇಂಚಿನ ಕಾಲದ್ದು, ಇನ್ನೊಂದು ಮಿಲಿಮೀಟರಿನದು. ಬ್ರೇಕ್ ಪೈಪಿನ ನಟ್ಟಿನಲ್ಲಿ ಇಂಚಿನ ಎಂಟನೇ ಮೂರು ಪಾಲಿನದೊಂದು ಇದೆ, ಇಂಚಿಗೆ 24 ಥ್ರೆಡ್ಡು. ಹತ್ತು ಮಿಲಿಮೀಟರಿನದು ಇನ್ನೊಂದು, ಒಂದೊಂದು ಮಿಲಿಮೀಟರಿಗೆ ಒಂದು ಥ್ರೆಡ್ಡು. ನೋಡಲಿಕ್ಕೆ ಅವಳಿಜವಳಿ. ಇಂಚಿನದರ ಅಗಲ 9.525 ಮಿಲಿಮೀಟರ್ ಅಷ್ಟೆ, ಥ್ರೆಡ್ಡಿನ ಅಂತರವೂ ಒಂದು ಮಿಲಿಮೀಟರಿಗಿಂತ ಕೊಂಚವೇ ಹೆಚ್ಚು. ಅದನ್ನು ಹತ್ತರ ತೂತಿಗೆ ಹಾಕಿದರೆ ಹೋಗುತ್ತದೆ! ಆಮೇಲೆ ಬಿಗಿಯಾದ ಹಾಗೂ ಅನಿಸುತ್ತದೆ. ಹಿಡಿದಿರುವುದು ಥ್ರೆಡ್ಡಿನ ತುದಿಯಷ್ಟೇ. ಪೆಡಲ್ ಒತ್ತಿದ ರಭಸಕ್ಕೆ ಕಿತ್ತು ಬಂದರೆ ಕೇಳುವವರಿಲ್ಲ. ಕೂರದೆ ಇದ್ದದ್ದು ಒಳ್ಳೆಯದು ರಾಯರೇ, ಕೂರಬಾರದ್ದು ಕೂರುತ್ತದಲ್ಲ, ಅದು ಅಪಾಯ. ಥ್ರೆಡ್ ಗೇಜ್ ಇಟ್ಟು ನೋಡಿ, ಪೈಪಿನ ತುದಿ ಅರಳಿಸಿರುವುದು ಯಾವ ಬಗೆಯದು ಅಂತಲೂ ನೋಡಿ. ಅನುಮಾನ ಬಂದರೆ ಎಸೆದು ಹೊಸದು ತನ್ನಿ.

ಚಕ್ರದಲ್ಲೂ ಹಾಗೆಯೇ. ರಾಯರಿಗೆ ಯಾರೋ ಮಜ್ದಾ ಎಂಎಕ್ಸ್-5ರ ಹಳೆಯ ಚಕ್ರಗಳನ್ನು ಸೋವಿಯಾಗಿ ಕೊಡುತ್ತೇನೆ ಅಂದಿದ್ದರು. ಅದರ ನಾಲ್ಕು ಬೋಲ್ಟಿನ ವೃತ್ತ 100 ಮಿಲಿಮೀಟರ್, ರಾಯರ ಫೋರ್ಡ್ ಹಬ್ಬಿನದು 108. “ಬರೀ ಎಂಟು ಸ್ವಾಮಿ, ಅರದಲ್ಲಿ ಒಂದಿಷ್ಟು...” ಅಂತ ಶುರು ಮಾಡಿದರು. ನಾನು ಮಾತಾಡಲಿಲ್ಲ. ಅವರೇ ವಾಕ್ಯ ನುಂಗಿದರು.

ಊರಲ್ಲಿ ಈ ಕಾರು ಕಟ್ಟಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗದ ನಟ್ಟು ಇರಲಿಲ್ಲ ಅಂತ ರಾಯರ ಕೊರಗು. ನಟ್ಟು ಸಿಗುತ್ತಿತ್ತು, ನಂಬರ್ ಪ್ಲೇಟು ಸಿಗಬೇಕಲ್ಲ! ತಯಾರಕರು ಕೊಟ್ಟ ರೂಪವನ್ನು ಬದಲಿಸುವಂತಿಲ್ಲ ಅಂತ ನಮ್ಮ ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ. ಇನ್ನು ಹಿತ್ತಲಲ್ಲಿ ಕಟ್ಟಿದ್ದನ್ನು ಆರ್‌ಟಿಒ ಹತ್ತಿರ ಒಯ್ದರೆ ಆರತಿ ಎತ್ತುತ್ತಾರೆಯೇ? ಇಲ್ಲಿ ಐವಿಎ ಅಂತ ಒಂದು ಪರೀಕ್ಷೆ ಇದೆ. ಅದರಲ್ಲಿ ಪಾಸಾದರೆ ರಸ್ತೆಗಿಳಿಸಬಹುದು. ಪರೀಕ್ಷಕರು ಕಾರಿನ ಹೊರಮೈಯ ಚೂಪನ್ನೆಲ್ಲ ಅಳೆಯುತ್ತಾರೆ, ಮೈಗೆ ತಗುಲಬಹುದಾದ ಅಂಚು ಕನಿಷ್ಠ ಎರಡೂವರೆ ಮಿಲಿಮೀಟರ್ ತ್ರಿಜ್ಯದಷ್ಟು ಉರುಟಾಗಿರಬೇಕು. ಅದಕ್ಕೇ ರಾಯರು ಈಗ ಹೊರಗೆ ಕಾಣುವ ಒಂದೊಂದು ನಟ್ಟಿಗೂ ಪ್ಲಾಸ್ಟಿಕ್ಕಿನ ಟೋಪಿ ತೊಡಿಸುತ್ತಿದ್ದಾರೆ.

“ಎಲ್ಲ ಆದ ಮೇಲೆ ಮುಂದುಗಡೆ ಒಂದು ನಿಂಬೆಹಣ್ಣು, ನಾಲ್ಕು ಮೆಣಸಿನಕಾಯಿ ಕಟ್ಟಿಬಿಡೋಣ,” ಅಂದರು ಅವರ ಮನೆಯವರು.

“ದಾರದಲ್ಲಿ ಕಟ್ಟಿ ತಾಯಿ,” ಅಂದೆ. “ತಂತಿಯಲ್ಲಿ ಕಟ್ಟಿದ್ರೆ ಅದರ ತುದಿಗೂ ಎರಡೂವರೆ ಮಿಲಿಮೀಟರ್ ಕೇಳ್ತಾರೆ.”