ಸರಕಾರದ ಮಂಡಿನೋವು

ನಮ್ಮ ಸರಕಾರಕ್ಕೆ ಮಂಡಿನೋವು ಉಂಟು ಎಂಬುದು ಉಡುಪಿ ಜಿಲ್ಲೆಯ ಘಟ್ಟದ ಬುಡದವರಿಗೆಲ್ಲ ಗೊತ್ತಿದ್ದದ್ದೇ. ಹೆದ್ದಾರಿಯಲ್ಲಿ ಚೆನ್ನಾಗಿ ಓಡುತ್ತದೆ, ಕಾಪು ಬೀಚಿನ ಮರಳಿನಲ್ಲೂ ಆರಾಮಾಗಿ ನಡೆಯುತ್ತದೆ. ಗುಡ್ಡ ಕಂಡಿತೋ, ಸೊಂಟಕ್ಕೆ ಕೈಕೊಟ್ಟು ನಿಂತುಬಿಡುತ್ತದೆ. ಮಣಿಪಾಲದಲ್ಲಿ ಅಷ್ಟು ದೊಡ್ಡ ಆಸ್ಪತ್ರೆ, ಅದೇ ಊರಿನಲ್ಲಿ ಜಿಲ್ಲಾಧಿಕಾರಿಗಳ ಕಚೇರಿ ರಜತಾದ್ರಿ. ಆದರೂ ಈ ನೋವಿಗೆ ಮದ್ದು ಸಿಕ್ಕಿಲ್ಲ.

ಕಬ್ಬಿನಾಲೆ, ನಾಡ್ಪಾಲು, ಈದು, ಮಾಳ ಇವೆಲ್ಲ ಹಿಮಾಲಯದ ಹಳ್ಳಿಗಳೇನಲ್ಲ. ಬೆಳಿಗ್ಗೆ ಅಲ್ಲಿ ಗಂಜಿ ಉಂಡು ಹೊರಟವ ಮಧ್ಯಾಹ್ನ ಮಲ್ಪೆಯಲ್ಲಿ ಮೀನು ತಿನ್ನಬಹುದು. ಆದರೆ ನಮ್ಮಲ್ಲಿ ಊರಿನ ಎತ್ತರವನ್ನು ಮೀಟರಿನಲ್ಲಿ ಅಳೆಯುವ ಕ್ರಮ ಇಲ್ಲ. ಒಂದು ಮೋರಿ ಹಾಕಲು ಅರ್ಜಿ ಎಷ್ಟು ಮೇಜು ಹತ್ತಿ ಇಳಿಯಬೇಕು ಎಂಬುದೇ ಲೆಕ್ಕ. ಆ ಲೆಕ್ಕದಲ್ಲಿ ಲಡಾಖಿನ ಹಳ್ಳಿಗಳೂ ಇವುಗಳ ಮುಂದೆ ತಗ್ಗು ಪ್ರದೇಶ.

ವಿಚಿತ್ರವೆಂದರೆ, ಕೆಲವು ಸಲ ಈ ಮಂಡಿನೋವು ತಾನಾಗಿ ಮಾಯವಾಗುತ್ತದೆ. ಕಾರ್ಕಳದ ಬೈಲೂರಿನ ಉಮಿಕ್ಕಳ ಬೆಟ್ಟವನ್ನೇ ನೋಡಿ. ಅಲ್ಲಿ ಪರಶುರಾಮನ 33 ಅಡಿಯ ಮೂರ್ತಿ ನಿಲ್ಲಿಸಬೇಕೆಂದು ಮನಸ್ಸಾದದ್ದೇ ತಡ, ಬೆಟ್ಟದ ತುದಿಗೆ ರಸ್ತೆ ಹೋಯಿತು, ಭಜನಾ ಮಂದಿರ ಬಂತು, ಬಯಲು ರಂಗಮಂದಿರವೂ ಬಂತು. 2023ರ ಜನವರಿ 27ಕ್ಕೆ ಮುಖ್ಯಮಂತ್ರಿಗಳೇ ಬಂದು ಉದ್ಘಾಟಿಸಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಮೂರ್ತಿಯ ಮೇಲಿನ ಅರ್ಧ ಮಾಯ! ಕಂಚು ಹೌದೋ ಅಲ್ಲವೋ ಎಂದು ಗಲಾಟೆ, ತನಿಖೆ, ಪತ್ರಿಕಾಗೋಷ್ಠಿ. ಉಳಿದದ್ದು ಕಾಲು ಮಾತ್ರ. ಇರಲಿ, ಸರಕಾರದ ಹಣಕ್ಕೂ ಬೆಟ್ಟ ಹತ್ತುವ ಕಾಲು ಉಂಟು ಎಂಬುದಕ್ಕೆ ಒಂದು ಸಾಕ್ಷಿಯಾದರೂ ಆಯಿತು. ವೋಟರ್ ಐಡಿ ಇಲ್ಲದ ಪರಶುರಾಮನಿಗೆ ರಸ್ತೆ ಸಿಕ್ಕಿತು. ಐಡಿ ಇದ್ದ ಘಟ್ಟದ ಬುಡದ ಮಲೆಕುಡಿಯರು ಇನ್ನೂ ಅಡಕೆ ಮರದ ಕಾಲುಸಂಕದಲ್ಲಿ ತೋಡು ದಾಟುತ್ತಾರೆ. ಎರಡು ಮರ ಜೋಡಿಸಿ ಬೀಳಲಿನಲ್ಲಿ ಕಟ್ಟಿದ್ದು. ಆಟಿಯ ಮಳೆಗೆ ಪಾಚಿ ಹಿಡಿದು ಜಾರುತ್ತದೆ, ವರ್ಷ ವರ್ಷ ಬದಲಿಸಬೇಕು. ಅದಕ್ಕೆ ಟೆಂಡರ್ ಇಲ್ಲ, ಉದ್ಘಾಟನೆಯೂ ಇಲ್ಲ. ಹಾಗಾಗಿ ತನಿಖೆಯೂ ಇಲ್ಲ.

ಈ ಊರುಗಳ ರಸ್ತೆಗೆ, ಕರೆಂಟಿಗೆ ಕಾಡು ಅಡ್ಡ ಬರುತ್ತದೆ ಎನ್ನುತ್ತಾರೆ. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನವನ ಎಂದು ಗೆರೆ ಎಳೆದಾಗಿನಿಂದ ಆ ಮಾತು ನಡೆದೇ ಇದೆ. ಒಪ್ಪೋಣ, ಕಾಡು ಉಳಿಯಬೇಕು. ಆದರೆ ಅದೇ ಕುದುರೆಮುಖದ ಅದಿರನ್ನು ಕೆಸರು ಮಾಡಿ ಮಂಗಳೂರಿಗೆ ಇಳಿಸಲು 67 ಕಿಲೋಮೀಟರ್ ಪೈಪು ಬಂತಲ್ಲ, ಅದಕ್ಕೆ ಒಂದು ಮರವೂ ಅಡ್ಡ ಬರಲಿಲ್ಲವೇ? ಕಾಪು ತಾಲೂಕಿನ ಎಲ್ಲೂರಿನಲ್ಲಿ 1200 ಮೆಗಾವ್ಯಾಟಿನ ಉಷ್ಣ ವಿದ್ಯುತ್ ಸ್ಥಾವರ. ಅದರ 400 ಕೆ.ವಿ. ತಂತಿ ಘಟ್ಟ ಹತ್ತಿ ಹಾಸನಕ್ಕೆ ಹೋಗುತ್ತದೆ, ಕಂಬಕ್ಕೆ ಕಂಬ ಕೈಹಿಡಿದು. ಕಾಡಿನ ಮನೆಗೆ ಒಂದು ಬಲ್ಬಿನ ತಂತಿ ಎಂದಾಗಲೇ ಅದೇ ಕಾಡು ದಟ್ಟವಾಗಿಬಿಡುತ್ತದೆ.

2024ರ ನವೆಂಬರ್ 18ರ ರಾತ್ರಿ ಸರಕಾರ ಕಬ್ಬಿನಾಲೆಯ ಪೀತಬೈಲಿಗೆ ಹತ್ತಿತು. ಮಂಡಿನೋವು ಇಲ್ಲ, ನಿರಾಕ್ಷೇಪಣಾ ಪತ್ರವೂ ಬೇಕಾಗಲಿಲ್ಲ. ನಾಡ್ಪಾಲಿನ ಕೂಡ್ಲುವಿನವನೇ ಆದ ನಕ್ಸಲ್ ವಿಕ್ರಂ ಗೌಡ ಪೊಲೀಸರ ಗುಂಡಿಗೆ ಸತ್ತ. ಮರುದಿನ ಟಿವಿಯವರೂ ಏದುಸಿರು ಬಿಡುತ್ತಾ ಬಂದು, ಅಯ್ಯೋ, ಇಲ್ಲಿಗೆ ಸರಿಯಾದ ರಸ್ತೆಯೇ ಇಲ್ಲ ಎಂದು ಊರಿನವರಿಗೇ ತಿಳಿಸಿದರು. 2003ರಲ್ಲಿ ಈದುವಿನಲ್ಲಿ ಇಬ್ಬರು ನಕ್ಸಲ್ ಯುವತಿಯರು ಎನ್‌ಕೌಂಟರಿನಲ್ಲಿ ಸತ್ತಾಗಲೂ ನಾಡಿಗೆಲ್ಲ ಇಂಥದೇ ಜ್ಞಾನೋದಯ ಆಗಿತ್ತು. 2025ರ ಜನವರಿಯಲ್ಲಿ ಆರು ಮಂದಿ ನಕ್ಸಲರು ಬೆಂಗಳೂರಿಗೆ ಹೋಗಿ ಮುಖ್ಯಮಂತ್ರಿಗಳ ಎದುರೇ ಶರಣಾದರು; ಶರಣಾದವರಿಗೆ ಪ್ಯಾಕೇಜ್ ಉಂಟು. ಊರಲ್ಲೇ ಉಳಿದವರಿಗೆ ಆ ದಾರಿಯೂ ಇಲ್ಲ ಮಾರಾಯ್ರೆ. ಒಪ್ಪಿಸಲು ಬಂದೂಕು ಎಲ್ಲಿಂದ ತರುವುದು? ಮನೆಯಲ್ಲಿರುವುದು ಒಂದು ಕತ್ತಿ, ಅದೂ ಸೊಪ್ಪು ಕಡಿಯಲಿಕ್ಕೆ.

ಹಾಗಾದರೆ ಸ್ಥಳೀಯ ಸರಕಾರಕ್ಕೆ ಹೇಳಿ ಎನ್ನಬಹುದು. ಯಾವುದಕ್ಕೆ? ಜಿಲ್ಲಾ, ತಾಲೂಕು ಪಂಚಾಯತ್‌ಗಳಿಗೆ ಚುನಾವಣೆ ನಡೆದದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಕುರ್ಚಿಗಳು ಮಾತ್ರ ಸಭೆ ನಡೆಸಿದವು. 2018ರಲ್ಲಿ ಹೆಬ್ರಿ, ಕಾಪು ಎಂದು ಹೊಸ ತಾಲೂಕುಗಳೂ ಆದವು. ಆಡಳಿತ ಹತ್ತಿರ ಬಂತು, ಆಡಳಿತಕ್ಕೆ ಆರಿಸಿ ಹೋದವರು ಮಾಯವಾದರು. ಉಳಿದದ್ದು ಗ್ರಾಮ ಪಂಚಾಯತ್. ಅದರ ಮುಖ್ಯ ಬೆಳೆ ನಿರ್ಣಯ. ಭತ್ತ, ಅಡಕೆ ಕೈಕೊಟ್ಟ ವರ್ಷವೂ ಇದು ಕೈಕೊಟ್ಟದ್ದಿಲ್ಲ.

ಹಾಗೆಂದು ಕಾನೂನು ಇಲ್ಲದೆ ಇಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲೇ ಉಂಟು: ರಸ್ತೆ, ವಿದ್ಯುತ್ ತಂತಿ, ಅಂಗನವಾಡಿ ಮೊದಲಾದ 13 ಸೌಲಭ್ಯಗಳಿಗೆ ಒಂದು ಹೆಕ್ಟೇರಿನೊಳಗೆ, ಹೆಕ್ಟೇರಿಗೆ 75 ಮರ ಮೀರದಂತೆ, ಗ್ರಾಮಸಭೆ ಶಿಫಾರಸು ಮಾಡಿದರೆ ಕಾಡಿನ ಜಾಗ ಕೊಡಬಹುದು. ಅಂದರೆ ಬೀಗದಕೈ ಗ್ರಾಮಸಭೆಯ ಕೈಯಲ್ಲೇ ಉಂಟು. ಅದಕ್ಕೇ ಇರಬೇಕು, ಆ ಸಭೆಯನ್ನು ಇಷ್ಟು ಜಾಗ್ರತೆಯಿಂದ ನಡೆಸುವುದು.

ಹೇಗೆ ಎಂದರೆ ಹೀಗೆ. ಜೀಪು ಬರುವ ಜಾಗದಲ್ಲೇ ಒಂದು ಸಭಾಭವನ. ಇಲಾಖೆಗಳ ಮಾಹಿತಿ ಮುಗಿಯುವಾಗ ಗಂಟೆ ಒಂದು. ಮೇಲಿನಿಂದ ನಡೆದು ಬಂದ ಅಜ್ಜಿ ಎದ್ದು, ನಮ್ಮಲ್ಲಿಗೆ ಕರೆಂಟು ಯಾವಾಗ ಎಂದು ತುಳುವಿನಲ್ಲಿ ಕೇಳುತ್ತಾರೆ.

"ಅಮ್ಮ, ಆನ್‌ಲೈನಲ್ಲಿ ಅರ್ಜಿ ಹಾಕಿ."

"ನೆಟ್‌ವರ್ಕ್ ಇಲ್ಲ ಸರ್ ಅಲ್ಲಿ," ಹಿಂದಿನಿಂದ ಯಾರೋ.

"ಅದಕ್ಕೂ ಅರ್ಜಿ ಹಾಕಿ."

ಚಾ ಬಂತು, ಗೋಳಿಬಜೆ ಬಂತು. ನಡಾವಳಿ ಪುಸ್ತಕದಲ್ಲಿ ಕೊನೆಯ ಸಾಲು ಬಿತ್ತು: ಸಾರ್ವಜನಿಕರಿಂದ ಯಾವುದೇ ಆಕ್ಷೇಪಣೆ ಬಾರದ ಕಾರಣ ಸಭೆಯನ್ನು ವಂದನಾರ್ಪಣೆಯೊಂದಿಗೆ ಮುಕ್ತಾಯಗೊಳಿಸಲಾಯಿತು.